ಟಿಕೆಟ್ ಅಗ್ಗ, ಕೌಂಟರಿನಲ್ಲಿ ಲಗೇಜಿಗೂ ಸೀಟಿಗೂ ಮತ್ತೆ ದುಡ್ಡು. ಬಜೆಟ್ ಏರ್‌ಲೈನ್ ಬಿಟ್ಟುಬಿಡುವುದೇ ಒಳ್ಳೆಯದಾ?

ಬೆಂಗಳೂರಿಂದ ದೆಹಲಿಗೆ ನಾಲ್ಕು ಜನ, ಎರಡು ಪಿಎನ್‌ಆರ್ (ಒಂದೊಂದು ಬುಕಿಂಗ್‌ಗೂ ಸಿಗುವ ಗುರುತಿನ ಸಂಖ್ಯೆ), ಕೌಂಟರಿನಲ್ಲಿ ಲಗೇಜಿಗೆ 5,400 ರೂಪಾಯಿ, ಮಗನ ಪಕ್ಕ ಕೂರಲು ಮತ್ತೆ ಸೀಟಿನ ದುಡ್ಡು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಹಳೆಯ ಸಿಟ್ಟೆಲ್ಲ ಮತ್ತೆ ಎದ್ದು ಬಂತು. ಆದರೂ ನೇರವಾಗಿಯೇ ಹೇಳುತ್ತೇನೆ: ಏರ್‌ಲೈನ್ ಬದಲಾಯಿಸಿದರೆ ಇದು ನಿಲ್ಲುವುದಿಲ್ಲ. ನಿಮ್ಮ ದುಡ್ಡು ಹೋಗಿದ್ದು ಕಂಪನಿ ಯಾವುದು ಎಂಬುದರಿಂದಲ್ಲ, ಒಂದು ಮನೆಯವರು ಎರಡು ಪಿಎನ್‌ಆರ್‌ನಲ್ಲಿ ಹೊರಟಿದ್ದರಿಂದ.

ನೀವು ಕೊಟ್ಟ ಲೆಕ್ಕವನ್ನೇ ನೋಡಿ. ಗಂಡ ಹೆಂಡತಿ ಒಂದು ಪಿಎನ್‌ಆರ್: ಬ್ಯಾಗುಗಳು 20 ಮತ್ತು 19 ಕೆಜಿ, ಒಟ್ಟು 39. ಅಜ್ಜಿ ಮತ್ತು ಎಂಟು ವರ್ಷದ ಮಗ ಇನ್ನೊಂದು ಪಿಎನ್‌ಆರ್: 12 ಮತ್ತು 9, ಒಟ್ಟು 21. ತಲೆಗೆ 15 ಕೆಜಿಯಂತೆ ನಿಮ್ಮ ಮನೆಯವರಿಗೆ ಸಿಗುವುದು 60 ಕೆಜಿ, ನೀವು ತಂದಿದ್ದೂ 60 ಕೆಜಿ. ಒಂದು ಗ್ರಾಂ ಕೂಡ ಜಾಸ್ತಿ ಇರಲಿಲ್ಲ! ಆದರೆ ಕೌಂಟರಿನ ಕಂಪ್ಯೂಟರಿಗೆ ನಿಮ್ಮ ಸಂಸಾರ ಗೊತ್ತಿಲ್ಲ, ಪಿಎನ್‌ಆರ್ ಮಾತ್ರ ಗೊತ್ತು. ಪ್ರತಿ ಬ್ಯಾಗಿನ ಟ್ಯಾಗೂ ಒಬ್ಬ ಪ್ರಯಾಣಿಕರ ಹೆಸರಿಗೆ ಅಂಟಿಕೊಳ್ಳುತ್ತದೆ. ಮೊದಲ ಪಿಎನ್‌ಆರ್‌ನಲ್ಲಿ 30ರ ಜಾಗದಲ್ಲಿ 39 ಕಂಡಿತು, ಕೆಜಿಗೆ ಸುಮಾರು 600 ರೂಪಾಯಿಯಂತೆ 9 ಕೆಜಿಗೆ ಬಿಲ್ ಆಯಿತು. ಎರಡನೆಯದರಲ್ಲಿ ಉಳಿದಿದ್ದ 9 ಕೆಜಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ನಾಲ್ವರೂ ಒಂದೇ ಪಿಎನ್‌ಆರ್‌ನಲ್ಲಿದ್ದು ಒಟ್ಟಿಗೆ ಕೌಂಟರಿಗೆ ಹೋಗಿದ್ದರೆ ಸಾಮಾನ್ಯವಾಗಿ ಒಟ್ಟು ತೂಕವನ್ನೇ ನೋಡುತ್ತಾರೆ.

ಇನ್ನು ಎರಡು ಪಿಎನ್‌ಆರ್ ಯಾಕೆ ಆಗುತ್ತದೆ ಅನ್ನುವುದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಬುದ್ಧಿವಂತಿಕೆಯಿಂದ ಬುಕ್ ಮಾಡುವವರೇ ಇಲ್ಲಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು. ಒಂದು ವಿಮಾನದ ಸೀಟುಗಳನ್ನೆಲ್ಲ ಒಂದೇ ದರಕ್ಕೆ ಮಾರುವುದಿಲ್ಲ. ಕೆಲವು ಸೀಟು ಒಂದು ದರಕ್ಕೆ, ಅವು ಮುಗಿದರೆ ಮುಂದಿನವು ಇನ್ನೊಂದು ದರಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿರುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಎರಡೇ ಸೀಟು ಉಳಿದಿರುವಾಗ ನೀವು ನಾಲ್ಕು ಜನಕ್ಕೆ ಹುಡುಕಿದರೆ, ನಾಲ್ವರಿಗೂ ಮೇಲಿನ ಮೆಟ್ಟಿಲಿನ ದರವೇ ಬರುತ್ತದೆ. ಇಬ್ಬರಿಗೆ ಹುಡುಕಿದರೆ ಕಡಿಮೆ ದರ ಕಾಣುತ್ತದೆ. ಹಾಗಾಗಿ ಮೊದಲು ಇಬ್ಬರಿಗೆ, ಆಮೇಲೆ ಇಬ್ಬರಿಗೆ ಎಂದು ಒಡೆದು ಬುಕ್ ಮಾಡುವುದು. ತಲೆಗೆ 400 ರೂಪಾಯಿ ವ್ಯತ್ಯಾಸ ಇದ್ದರೂ ಉಳಿಯುವುದು ಇಬ್ಬರದು 800. ಹೋಗುವುದು ಲಗೇಜಿನ ಹಂಚಿಕೆ ಮತ್ತು ಮಗುವಿನ ಪಕ್ಕದ ಸೀಟು, ಎರಡೂ.

ಸೀಟಿನ ವಿಷಯದಲ್ಲಿ ನಿಯಮ ನಿಮ್ಮ ಪರವಾಗಿಯೇ ಇತ್ತು. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಿ ಸೀಟು ಕೊಡಬೇಕು ಎಂದು ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಇಲ್ಲೂ ಮುಖ್ಯವಾದದ್ದು ‘ಅದೇ ಪಿಎನ್‌ಆರ್’ ಅನ್ನುವುದೇ. ನಿಮ್ಮ ಮಗ ಇದ್ದದ್ದು ಅಜ್ಜಿಯ ಪಿಎನ್‌ಆರ್‌ನಲ್ಲಿ. ಅಜ್ಜಿಯ ಪಕ್ಕ ಕೂರಿಸಿದರೆ ಕಂಪನಿಯ ಕರ್ತವ್ಯ ಮುಗಿಯಿತು, ಅಮ್ಮನ ಪಕ್ಕ ಬೇಕೆಂದರೆ ದುಡ್ಡು.

ಕೌಂಟರಿನಲ್ಲಿ ತೂಕ ಜಾಸ್ತಿ ಎಂದಾಗಲೂ ದಾರಿ ಇತ್ತು. ಸಾಲಿನಿಂದ ಪಕ್ಕಕ್ಕೆ ಬಂದು, ದೊಡ್ಡ ಬ್ಯಾಗುಗಳಿಂದ 9 ಕೆಜಿ ತೆಗೆದು ಅಜ್ಜಿಯ ಬ್ಯಾಗಿಗೆ 3, ಮಗನ ಬ್ಯಾಗಿಗೆ 6 ಹಾಕಿ ಮತ್ತೆ ಹೋಗಿದ್ದರೆ ಬಿಲ್ಲೇ ಆಗುತ್ತಿರಲಿಲ್ಲ. ಟ್ಯಾಗ್ ಹಾಕಿ ಬೆಲ್ಟಿನ ಮೇಲೆ ಹೋಗುವ ತನಕ ಬ್ಯಾಗು ನಿಮ್ಮದೇ. ಎಲ್ಲರೆದುರು ಸೂಟ್‌ಕೇಸ್ ಬಿಚ್ಚಲು ಮುಜುಗರವಾಗಿ ಜನ ಕಾರ್ಡ್ ಕೊಟ್ಟುಬಿಡುತ್ತಾರೆ. ಆ ಮುಜುಗರ ಬೇಡ. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಹಾಗಾಗಿ ಎರಡು ಗಂಟೆ ಮೊದಲೇ ತಲುಪಿದ್ದರೆ ಇದಕ್ಕೆಲ್ಲ ಸಮಯ ಸಿಗುತ್ತದೆ.

ಮನೆಯಲ್ಲಿ ತೂಗುವುದು ಇದಕ್ಕಿಂತ ಸುಲಭ. ಕೊಕ್ಕೆ ಇರುವ ಕೈ ತಕ್ಕಡಿ ಐನೂರು ರೂಪಾಯಿಯೊಳಗೆ ಸಿಗುತ್ತದೆ. ಅದಿಲ್ಲದಿದ್ದರೆ ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ಬ್ಯಾಗು ಹಿಡಿದು ನಿಂತು, ಆಮೇಲೆ ಬರಿಗೈಲಿ ನಿಂತು ಕಳೆಯಿರಿ. ಬ್ಯಾಗನ್ನು ನೇರ ಯಂತ್ರದ ಮೇಲಿಟ್ಟರೆ ಅಂಚು ನೆಲಕ್ಕೆ ತಾಗಿ ತೂಕ ಕಡಿಮೆ ತೋರಿಸುತ್ತದೆ. ಮನೆಯ ಯಂತ್ರಕ್ಕೂ ನಿಲ್ದಾಣದ್ದಕ್ಕೂ ಅರ್ಧ ಕೆಜಿ ಆಚೀಚೆ ಇರಬಹುದು, ಹಾಗಾಗಿ 15ರ ಬದಲು 14.5ಕ್ಕೆ ನಿಲ್ಲಿಸಿ. ಗಟ್ಟಿ ಕವಚದ ದೊಡ್ಡ ಟ್ರಾಲಿ ಖಾಲಿ ಇದ್ದಾಗಲೇ ಮೂರೂವರೆ, ನಾಲ್ಕು ಕೆಜಿ ತಿಂದುಹಾಕುತ್ತದೆ. ಪುಸ್ತಕ, ಚಾರ್ಜರ್‌ನಂಥ ಚಿಕ್ಕದಾದರೂ ಭಾರದ ವಸ್ತುಗಳು 7 ಕೆಜಿಯ ಹ್ಯಾಂಡ್ ಬ್ಯಾಗಿಗೆ ಹೋಗಲಿ. ಪವರ್ ಬ್ಯಾಂಕ್ ಅಂತೂ ಚೆಕ್-ಇನ್ ಬ್ಯಾಗಿನಲ್ಲಿ ಇರಲೇಬಾರದು. ಒಬ್ಬರಿಗೆ ಒಂದೇ ಬ್ಯಾಗು ಎಂಬ ಷರತ್ತು ಕೆಲವು ಕಂಪನಿಗಳಲ್ಲಿದೆ. ಅಲ್ಲಿ ತೂಕ ಸರಿಯಿದ್ದರೂ ಎರಡನೇ ಬ್ಯಾಗಿಗೆ ಬೇರೆ ಶುಲ್ಕ ಬೀಳುತ್ತದೆ. ಉಪ್ಪಿನಕಾಯಿ, ಹಪ್ಪಳದ ರಟ್ಟಿನ ಡಬ್ಬ ಪ್ರತ್ಯೇಕವಾಗಿ ಕಟ್ಟಿ ತರುವ ಮನೆಗಳು ಇದನ್ನು ನೆನಪಿಡಬೇಕು.

ನಿಜವಾಗಿಯೂ ತೂಕ ಜಾಸ್ತಿ ಇದ್ದರೆ ಮುಂಚಿತವಾಗಿ ಆ್ಯಪ್‌ನಲ್ಲೇ ಕೊಳ್ಳಿ. 3, 5, 10 ಕೆಜಿಯ ಪ್ಯಾಕ್‌ಗಳಿರುತ್ತವೆ, ಕೌಂಟರಿಗಿಂತ ಅಲ್ಲಿ ಕಡಿಮೆ. ವಿಮಾನ ಹೊರಡುವ ಹೊತ್ತು ಹತ್ತಿರವಾದಂತೆ ಆ ಸೌಲಭ್ಯ ಮುಚ್ಚುತ್ತದೆ, ಆಮೇಲೆ ಕೆಜಿ ಲೆಕ್ಕವೇ ಗತಿ.

ವೆಬ್ ಚೆಕ್-ಇನ್‌ನಲ್ಲಿ ಬರುವ ಸೀಟಿನ ಪುಟದಲ್ಲಿ ಎಲ್ಲಕ್ಕೂ ದರ ಬರೆದಿದ್ದರೆ ಗಾಬರಿಯಾಗಬೇಡಿ. ಸೀಟು ಆರಿಸದೆ ಮುಂದೆ ಹೋಗುವ ಸಾಲು ಸಣ್ಣ ಅಕ್ಷರದಲ್ಲಿ ಎಲ್ಲೋ ಕೆಳಗಿರುತ್ತದೆ. ಅದನ್ನು ಒತ್ತಿದರೆ ಕಂಪನಿಯೇ ಯಾವುದಾದರೂ ಸೀಟು ಕೊಡುತ್ತದೆ. ಇಷ್ಟದ ಸೀಟು, ಊಟ, ಚೆಕ್-ಇನ್ ಬ್ಯಾಗೇಜ್ ಇವಕ್ಕೆ ಬೇರೆಯಾಗಿ ದುಡ್ಡು ಕೇಳಲು ಡಿಜಿಸಿಎ ಅನುಮತಿ ಇದೆ, ಆದರೆ ಪ್ರಯಾಣಿಕರು ಬೇಕೆಂದು ಆರಿಸಿದರೆ ಮಾತ್ರ. ಮೊದಲೇ ಟಿಕ್ ಹಾಕಿಟ್ಟು, ಬೇಡದವರು ತೆಗೆಯಲಿ ಅನ್ನುವಂತಿಲ್ಲ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ದುಡ್ಡು ಕೇಳುವಂತಿಲ್ಲ ಎಂದೂ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ಹೇಳಿದೆ.

ಇದು ಮೋಸ ಅಲ್ಲವೇ ಎಂದು ಕೇಳಿದ್ದೀರಿ. ಬೇರೆ ಬೇರೆ ಶುಲ್ಕ ಹಾಕುವುದನ್ನೇ ಮೋಸ ಅನ್ನಲು ನಾನು ಒಪ್ಪುವುದಿಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದಾಗಲೇ ಊಟ ಟಿಕೆಟ್‌ನಿಂದ ಹೊರಬಿದ್ದಿತ್ತು, ಅದರಿಂದಲೇ ಎಷ್ಟೋ ಮನೆಗಳು ಮೊದಲ ಸಲ ವಿಮಾನ ಹತ್ತಿದವು. ಬ್ಯಾಗೇ ಇಲ್ಲದೆ ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ ಸಂಜೆ ವಾಪಸಾಗುವವರು ನಮ್ಮ ಸೂಟ್‌ಕೇಸಿನ ಖರ್ಚು ಯಾಕೆ ಹೊರಬೇಕು? ಮೋಸ ಇರುವುದು ಬೇರೆ ಕಡೆ: ಕೇಳದೆಯೇ ಸೇರಿಸಿದ ವಿಮೆ, ದೇಣಿಗೆ, ಕೊನೆಯ ಪುಟದವರೆಗೆ ಮುಚ್ಚಿಟ್ಟ ಶುಲ್ಕ. 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿಯಲ್ಲಿ ಇವನ್ನೇ ನಿಷೇಧಿಸಿದ್ದಾರೆ. ಅಂಥದ್ದು ಆಗಿದ್ದರೆ ಪಾವತಿಗೆ ಮೊದಲಿನ ಪುಟದ ಸ್ಕ್ರೀನ್‌ಶಾಟ್, ಪಿಎನ್‌ಆರ್, ರಸೀದಿ ಇಟ್ಟುಕೊಂಡು ವಿಮಾನ ಪ್ರಯಾಣಿಕರ ದೂರಿಗಾಗಿ ಸರ್ಕಾರ ಇಟ್ಟಿರುವ ಏರ್‌ಸೇವಾದಲ್ಲಿ ದೂರು ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ. ನಿಮ್ಮ 5,400ಕ್ಕೆ ದೂರು ಕೊಟ್ಟರೆ ಫಲ ಸಿಗುವುದಿಲ್ಲ, ಆ ಶಕ್ತಿ ವ್ಯರ್ಥ ಮಾಡಬೇಡಿ.

ಊಟವನ್ನೂ ಟಿಕೆಟ್‌ನಲ್ಲೇ ಸೇರಿಸಿ ಕೊಡುವ ಫುಲ್ ಸರ್ವಿಸ್ ಏರ್‌ಲೈನ್‌ನಲ್ಲೂ ಕಥೆ ಬೇರೆಯಿಲ್ಲ. 2024ರಲ್ಲಿ ಏರ್ ಇಂಡಿಯಾ ಕೂಡ ದೇಶದೊಳಗಿನ ಅಗ್ಗದ ದರದ ಟಿಕೆಟ್‌ಗೆ ಉಚಿತ ಲಗೇಜನ್ನು 15 ಕೆಜಿಗೆ ಇಳಿಸಿತು. ಊಟ ಸಿಗುತ್ತದೆ, ನಿಜ. ಆದರೆ ಎರಡೂವರೆ ಮೂರು ಗಂಟೆಯ ಪ್ರಯಾಣಕ್ಕೆ ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ಮುಂದಿನ ಸಲ ನಾಲ್ವರನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ಬುಕ್ ಮಾಡಿ. ಹೊರಡಲು ವಾರಕ್ಕಿಂತ ಹೆಚ್ಚು ದಿನವಿದ್ದರೆ ಬುಕ್ ಮಾಡಿದ ಮೇಲೆ ನಿಯಮ ಕೊಟ್ಟಿರುವ ಅವಧಿಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು. ಆ ಅವಧಿ ಮೀರಿ ರದ್ದಾದರೂ ತೆರಿಗೆ ಮತ್ತು ನಿಲ್ದಾಣದ ಬಳಕೆಗೆ ಹಾಕುವ ಶುಲ್ಕ (ಯೂಡಿಎಫ್) ವಾಪಸ್ ಕೊಡಲೇಬೇಕು. ಆನ್‌ಲೈನ್ ಬುಕಿಂಗ್‌ಗೆ ಹಾಕುವ ಕನ್ವೀನಿಯನ್ಸ್ ಫೀ ಮಾತ್ರ ಬರುವುದಿಲ್ಲ, ಅದನ್ನು ಒಬ್ಬೊಬ್ಬರಿಗೂ ಒಂದೊಂದು ಸೆಕ್ಟರಿಗೂ (ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು) ಹಾಕುತ್ತಾರೆ.

ವಾಪಸ್ ಟಿಕೆಟ್ ಕೂಡ ಎರಡು ಪಿಎನ್‌ಆರ್‌ನಲ್ಲಿದೆ ಅಂದಿದ್ದೀರಿ. ಎರಡನ್ನು ಕೂಡಿಸಿಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಫೋನ್ ಮಾಡಿ ಕಾಯಬೇಡಿ. ಹೊರಡುವ ಹಿಂದಿನ ರಾತ್ರಿ ನಾಲ್ಕೂ ಬ್ಯಾಗನ್ನು 14.5 ಕೆಜಿಗೆ ಸಮ ಮಾಡಿ. ದೆಹಲಿಯಲ್ಲಿ ಸ್ವೆಟರ್, ರಜಾಯಿ ಕೊಂಡಿದ್ದರೆ ಎಷ್ಟು ಜಾಸ್ತಿ ಆಗುತ್ತದೋ ಅಷ್ಟಕ್ಕೆ ಪ್ಯಾಕನ್ನು ಒಂದೇ ಪಿಎನ್‌ಆರ್‌ಗೆ, ಆ ರಾತ್ರಿಯೇ ಆ್ಯಪ್‌ನಲ್ಲಿ ಕೊಂಡುಬಿಡಿ, ಆ ಸಾಮಾನನ್ನು ಅದೇ ಪಿಎನ್‌ಆರ್‌ನವರ ಬ್ಯಾಗಿನಲ್ಲಿಡಿ.