ದುರ್ಯೋಧನನ ಪಾರ್ಟು ಯಾರಿಗೆ?

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಎರಡು ಕೊಠಡಿಗಳ ಹೆಂಚು ಹಾರಿಹೋಗಿವೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ. ಸಹಾಯಾರ್ಥ ಕಾರ್ಯಕ್ರಮ ಮಾಡಿ ದುಡ್ಡು ಎತ್ತೋಣ ಎಂದು ಪೋಷಕರ ಸಭೆಯಲ್ಲಿ ತೀರ್ಮಾನವಾಯಿತು. ಮೈಸೂರಿನಿಂದ ಆರ್ಕೆಸ್ಟ್ರಾ ತರಿಸೋಣ, ಟಿವಿಯಲ್ಲಿ ಹಾಡಿದ ಒಬ್ಬ ಗಾಯಕಿ, ನಾಲ್ಕು ಜನ ಡ್ಯಾನ್ಸರ್‌ಗಳು ಇರಲಿ ಅಂತ ಹುಡುಗರು. ಕುರುಕ್ಷೇತ್ರ ನಾಟಕ ಆಡೋಣ ಅಂತ ಹಿರಿಯರು. ಶಾಲೆಯ ಹೆಸರಿನಲ್ಲಿ ಮಾಡುವಾಗ ಯಾವುದು ಶೋಭೆ? ನಮ್ಮಂಥ ಹೆಂಗಸರು ಟಿಕೆಟ್ ಮಾರಬಹುದು ಅಷ್ಟೆ, ತೀರ್ಮಾನ ನಮ್ಮ ಕೈಯಲ್ಲಿಲ್ಲ. ಆದರೂ ಕೇಳುತ್ತಿದ್ದೇನೆ.
— ಒಬ್ಬ ತಾಯಿ, ನಾಗಮಂಗಲ ತಾಲೂಕು

ಉತ್ತರ: ತಾಯಿ, ಈ ತಿಂಗಳು ಬಂದ ಕಾಗದಗಳ ರಾಶಿಯಲ್ಲಿ ನಿಮ್ಮದನ್ನೇ ಎತ್ತಿಕೊಂಡದ್ದರಲ್ಲಿ ನನ್ನ ಸ್ವಾರ್ಥವೂ ಇದೆ. ಕುರುಕ್ಷೇತ್ರ ಎಂಬ ಪದ ಕಂಡರೆ ಸಾಕು, ನನ್ನ ಕಿವಿಯಲ್ಲಿ ಹಾರ್ಮೋನಿಯಂ ಶುರುವಾಗುತ್ತದೆ. ನಮ್ಮಪ್ಪ ಹದಿನಾಲ್ಕು ವರ್ಷ ಶಕುನಿಯಾಗಿದ್ದರು. ಬಿಡುವು ಸಿಕ್ಕಾಗ ಸೊಸೈಟಿಯ ಗುಮಾಸ್ತರೂ ಆಗಿದ್ದರು. ಹಾಗಾಗಿ ನನ್ನಿಂದ ನಿಷ್ಪಕ್ಷಪಾತವಾದ ಉತ್ತರ ನಿರೀಕ್ಷಿಸಬೇಡಿ.

ಆದರೂ ಆರ್ಕೆಸ್ಟ್ರಾದವರ ಪರವಾಗಿ ಒಂದು ಮಾತು. ರಸಮಂಜರಿ ಎಂದ ತಕ್ಷಣ ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಹಬ್ಬದಿಂದ ಹಬ್ಬಕ್ಕೆ, ಗಣಪತಿಯಿಂದ ರಾಜ್ಯೋತ್ಸವಕ್ಕೆ ಸುತ್ತಿ ಸಂಸಾರ ಸಾಕುವ ಆ ಗಾಯಕರು, ಕೀಬೋರ್ಡಿನವರು, ರಿದಂ ಪ್ಯಾಡಿನವರು ಕಷ್ಟಪಟ್ಟು ದುಡಿಯುವ ಜನ. ಹಳೆಯ ಹಾಡಿಗೆ ಊರಿನ ಅಜ್ಜಿಯರೂ ತಲೆದೂಗುತ್ತಾರೆ. ನಿಮ್ಮ ಹುಡುಗರ ಆಸೆಯಲ್ಲಿ ತಪ್ಪೇನೂ ಇಲ್ಲ. ಇಷ್ಟು ಹೇಳಿ ಅವರ ಋಣ ತೀರಿಸಿದೆ.

ಈಗ ಲೆಕ್ಕಕ್ಕೆ ಬರೋಣ. ಆರ್ಕೆಸ್ಟ್ರಾದಲ್ಲಿ ದುಡ್ಡು ಮೊದಲು ಊರಿನಿಂದ ಆಚೆ ಹೋಗುತ್ತದೆ, ಆಮೇಲೆ ಒಳಕ್ಕೆ ಬಂದರೂ ಬರಬಹುದು. ಗಾಯಕಿಗೆ ಅಡ್ವಾನ್ಸ್, ಡ್ಯಾನ್ಸರ್‌ಗಳಿಗೆ ವ್ಯಾನು, ಎಲ್‌ಇಡಿ ಪರದೆ, ಜನರೇಟರು, ಅವರಿಗೆಲ್ಲ ರಾತ್ರಿ ಊಟ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಕಂಪೌಂಡು ಕಟ್ಟಲೆಂದು ಹೀಗೇ ಮಾಡಿದರು. ಆವತ್ತು ಮಳೆ ಬಂತು. ಮರುದಿನ ಸೌಂಡ್ ಬಾಕ್ಸಿನವನಿಗೆ ಕೊಡಬೇಕಾದ ಬಾಕಿಗಾಗಿ ಪೋಷಕರಿಂದ ಇನ್ನೊಂದು ಸುತ್ತು ಚಂದಾ ಎತ್ತಿದರು. ಕಂಪೌಂಡಿನ ಜಾಗದಲ್ಲಿ ಈಗಲೂ ಕಳ್ಳಿ ಬೇಲಿಯೇ ಇದೆ.

ನಿಮ್ಮ ಸೀಮೆಯ ಪೌರಾಣಿಕ ನಾಟಕದ ಲೆಕ್ಕವೇ ಬೇರೆ. ಕರಾವಳಿಯ, ಕಿತ್ತೂರು ಕರ್ನಾಟಕದ ಓದುಗರಿಗೆ ಇದು ಸೋಜಿಗ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಂಡ್ಯ, ತುಮಕೂರು, ಹಾಸನ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ಪಾರ್ಟು ಬೇಕಾದವನೇ ದುಡ್ಡು ಕಟ್ಟುತ್ತಾನೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು. ನಕುಲ, ಸಹದೇವ ಅಗ್ಗ. ಕಂದ ಪದ್ಯ ಹೆಚ್ಚಿದ್ದಷ್ಟೂ ಪಾರ್ಟು ತುಟ್ಟಿ. ಕೃಷ್ಣನಾಗಲು ಇಬ್ಬರು ಮೂವರು ಹಟ ಹಿಡಿದರೆ ಅದಕ್ಕೂ ದಾರಿಯಿದೆ. ಸಂಧಾನದ ತನಕ ಒಂದನೇ ಕೃಷ್ಣ, ಯುದ್ಧಕ್ಕೆ ಎರಡನೇ ಕೃಷ್ಣ. ಹೀಗೆ ಕೂಡಿದ ದುಡ್ಡಿನಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಕಿರೀಟ, ಗದೆಯ ಬಾಡಿಗೆ ಎಲ್ಲ ನಡೆಯುತ್ತದೆ. ಆಟದ ನಡುವೆ ನೆಂಟರು ವೇದಿಕೆ ಹತ್ತಿ ಹಾರ ಹಾಕಿ, ನೋಟಿನ ಮುಯ್ಯಿ ಕೊಡುತ್ತಾರೆ. ಭೀಮ ಗದೆ ಎತ್ತಿದವನು ಹಾಗೇ ನಿಂತು ಸೋದರಮಾವನಿಂದ ಐನೂರು ಇಸಿದುಕೊಂಡು, ಆಮೇಲೆ ದುಶ್ಯಾಸನನನ್ನು ಹೊಡೆಯುತ್ತಾನೆ. ನಗರದ ವಿಮರ್ಶಕರು ಇದನ್ನು ರಸಭಂಗ ಎನ್ನುತ್ತಾರೆ. ಆ ಐನೂರು ಶಾಲೆಯ ಹುಂಡಿಗೆ ಬೀಳುವಂತೆ ಮಾಡಿದರೆ ಅದರಷ್ಟು ರಸವತ್ತಾದದ್ದು ಇನ್ನೊಂದಿಲ್ಲ ಎನ್ನುವವನು ನಾನು.

ಅಂದರೆ ಪರದೆ ಏಳುವ ಮೊದಲೇ ಖರ್ಚಿನ ದುಡ್ಡು ಹುಟ್ಟಿರುತ್ತದೆ. ಟಿಕೆಟ್ಟು, ಮುಯ್ಯಿ, ಆಟದ ದಿನದ ಕಾಫಿ-ಬೋಂಡದ ಅಂಗಡಿ ಇವಿಷ್ಟೂ ಹೆಂಚಿಗೆ, ಬಾಗಿಲಿಗೆ ಉಳಿದ ದುಡ್ಡು. ಕರಾವಳಿಯಲ್ಲಿ ಡೇರೆ ಮೇಳದ ಒಂದು ರಾತ್ರಿಯನ್ನು ಕಂಟ್ರಾಕ್ಟಿಗೆ ಹಿಡಿದು ಶಾಲೆಯ ಸಹಾಯಾರ್ಥ ಯಕ್ಷಗಾನ ಆಡಿಸುವ ಪದ್ಧತಿಯಿದೆ. ಒಳ್ಳೆಯದೇ. ಆದರೆ ಅಲ್ಲಿಯೂ ಊರಿನವರು ಕುರ್ಚಿಯಲ್ಲಿ ಕೂತಿರುತ್ತಾರೆ, ನಿಮ್ಮಲ್ಲಿ ಕಿರೀಟ ಹಾಕಿಕೊಂಡಿರುತ್ತಾರೆ.

'ಯಾವುದು ಶೋಭೆ' ಎಂದು ಕೇಳಿದ್ದೀರಿ. ನಾಟಕವೆಂದರೆ ತೊಳೆದ ಮುತ್ತು, ಆರ್ಕೆಸ್ಟ್ರಾ ಎಂದರೆ ಕೊಳಕು ಎಂದು ಹೇಳಿದರೆ ಸುಳ್ಳಾದೀತು. ಮಹಾಭಾರತದಲ್ಲಿ ಜೂಜಿದೆ, ತುಂಬಿದ ಸಭೆಯಲ್ಲಿ ಹೆಂಗಸಿನ ಸೀರೆ ಎಳೆಯುವುದಿದೆ, ಮಲಗಿದ್ದ ಮಕ್ಕಳನ್ನು ಕೊಲ್ಲುವುದಿದೆ. ನಡುವೆ ಹಾಸ್ಯದವನು ಬಂದನೆಂದರೆ ಒಂದು ಮಾತಿಗೆ ಎರಡು ಅರ್ಥ, ಎರಡನೆಯದೇ ಮೇಲುಗೈ. ಅದನ್ನು ಮೊದಲೇ ಮೇಷ್ಟ್ರಿಗೆ ಹೇಳಿ ಕತ್ತರಿಸಿ. ನಾನು ಹಿಡಿಯುವ ಅಳತೆಗೋಲು ಬೇರೆ. ಮರುದಿನ ಶಾಲೆಗೆ ಬಂದ ಮಕ್ಕಳು ಏನು ಆಡುತ್ತಾರೆ? ಪರದೆಯ ಹಿಂದೆ ಹೋಗಿ ಇಣುಕಿದ ಮಗುವಿಗೆ ಅಲ್ಲಿ ಏನು ಕಾಣುತ್ತದೆ? ಬಾಡಿಗೆ ಡ್ಯಾನ್ಸರ್‌ಗಳ ಗ್ರೀನ್ ರೂಮಿಗೆ ಮಕ್ಕಳನ್ನು ಬಿಡುವುದಿಲ್ಲ, ಬಿಡಲೂಬಾರದು. ಕುರುಕ್ಷೇತ್ರದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋದ ಮಗು ತನ್ನಪ್ಪ ಅರ್ಧ ಮೀಸೆಯಲ್ಲಿ ಕೂತು ಬೀಡಿ ಬಚ್ಚಿಡುವುದನ್ನು ನೋಡುತ್ತದೆ. ಅಪ್ಪ ಮಾತು ಮರೆತು ತಡವರಿಸುವುದನ್ನು, ಪಕ್ಕದ ಮನೆಯ ಚಿಕ್ಕಪ್ಪ ಪರದೆಯ ಮರೆಯಿಂದ ಪಿಸುಗುಟ್ಟಿ ಕಾಪಾಡುವುದನ್ನು ನೋಡುತ್ತದೆ. ಓದು ಬಾಯಿಪಾಠ ಬರಲಿಲ್ಲವೆಂದು ತನಗೆ ಹೊಡೆದವನೇ ಮೂರು ತಿಂಗಳು ದೀಪದ ಬುಡದಲ್ಲಿ ಬಾಯಿಪಾಠ ಹಾಕಿದ್ದನ್ನೂ ಅದು ನೋಡಿರುತ್ತದೆ.

ನಮ್ಮಪ್ಪನ ವಿಷಯವನ್ನೇ ಹೇಳಿಬಿಡುತ್ತೇನೆ. ಒಂದು ವರ್ಷ ಶಾಲೆಯ ಬೆಂಚಿಗೆಂದು ಆಡಿದ ನಾಟಕದಲ್ಲಿ ಪಗಡೆಯ ದಾಳ ಕೈತಪ್ಪಿ ಹಿಮ್ಮೇಳದವರ ತಬಲದ ಬುಡಕ್ಕೋ ಜಮಖಾನದಡಿಗೋ ಸೇರಿಹೋಯಿತು. ಶಕುನಿ ಒಂದು ಗಳಿಗೆ ಬೆಪ್ಪಾಗಿ ನಿಂತವನು, "ಧರ್ಮರಾಯ, ನಿನ್ನ ಅದೃಷ್ಟ ನೋಡು, ದಾಳವೇ ಓಡಿಹೋಯ್ತು" ಎಂದ. ಜನ ಒನ್ಸ್ ಮೋರ್ ಎಂದರು. ಒನ್ಸ್ ಮೋರ್‌ಗೆ ದಾಳ ಬೇಕಲ್ಲ! ಎರಡನೇ ಸಲ ಅಂಗೈಯಲ್ಲಿ ಎರಡು ಹುಣಸೆ ಬೀಜ ಹಿಡಿದು ಆಡಿದರು. ಆಮೇಲೆ ವರ್ಷಗಟ್ಟಲೆ ಊರಿನ ಮಕ್ಕಳು ನನ್ನನ್ನು ಕರೆಯುತ್ತಿದ್ದುದು ಹುಣಸೆಬೀಜ ಎಂದು. ಆಗ ಅಳು ಬರುತ್ತಿತ್ತು.

ಶಾಲೆಯ ನಾಟಕದ ಬಗ್ಗೆ ಇಷ್ಟು ಹಗುರಾಗಿ ಮಾತಾಡಬಾರದು ಎನ್ನುವವರಿಗೆ ಭಾರದ ಮಾತೂ ಇದೆ. ಬಂಟ್ವಾಳ ತಾಲೂಕಿನ ಮಂಚಿಯ ಒಬ್ಬ ಹುಡುಗ ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಆಡಿಸಿದ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಬಣ್ಣ ಹಚ್ಚಿದ. ಆ ಬಣ್ಣ ಹೋಗಲೇ ಇಲ್ಲ. ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟಿದ. ಅವರೇ ಬಿ.ವಿ. ಕಾರಂತರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ನಾಟಕ ಸಂಘ ಕೂಡ ಅಡಿಕೆ ತೋಟದ ಜನ ಸಂಜೆ ಹೊತ್ತು ಸೇರಿ ಕಟ್ಟಿದ್ದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಿಮ್ಮೂರಿಗೂ ಪ್ರಶಸ್ತಿ ಬರುತ್ತದೆಂದು ನಾನು ಹೇಳುತ್ತಿಲ್ಲ. ನಾಟಕ ಆಡಿದ ಊರಿನಲ್ಲಿ ಏನೋ ಒಂದು ಉಳಿದುಕೊಳ್ಳುತ್ತದೆ, ಆರ್ಕೆಸ್ಟ್ರಾ ಬಂದುಹೋದ ಊರಿನಲ್ಲಿ ನೀರಿನ ಬಾಟಲಿ ಉಳಿಯುತ್ತವೆ.

ಈಗ ನಿಮ್ಮನ್ನೇ ಸ್ವಲ್ಪ ಗದರಬೇಕು, ಬೇಸರ ಮಾಡಿಕೊಳ್ಳಬೇಡಿ. 'ತೀರ್ಮಾನ ನಮ್ಮ ಕೈಯಲ್ಲಿಲ್ಲ' ಎಂದು ಬರೆದಿದ್ದೀರಲ್ಲ, ಅದು ತಪ್ಪು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೂ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಅರ್ಧ ಸಮಿತಿ ನಿಮ್ಮದಾಗಿರುವಾಗ ಟಿಕೆಟ್ ಪುಸ್ತಕ ಹಿಡಿದು ಮನೆಮನೆ ತಿರುಗುವ ಕೆಲಸ ಮಾತ್ರ ನಿಮ್ಮ ಪಾಲಿಗೆ ಹೇಗೆ ಬಂತು? ಇನ್ನೂ ಒಂದಿದೆ. ಈ ನಾಟಕಗಳಲ್ಲಿ ಗಂಡಸರು ಪಾರ್ಟಿಗೆ ದುಡ್ಡು ಕಟ್ಟುತ್ತಾರೆ, ದ್ರೌಪದಿ, ಕುಂತಿ, ಉತ್ತರೆಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಹೊಟ್ಟೆಪಾಡಿಗೆ ಊರೂರು ಸುತ್ತುವ ಆ ಹೆಣ್ಣುಮಕ್ಕಳ ಬಗ್ಗೆ ನನಗೆ ಗೌರವವಿದೆ. ಊರಿನ ಹೆಂಗಸು ವೇದಿಕೆ ಹತ್ತಬಾರದು ಎಂಬ ಗಂಡಸರ ಲೆಕ್ಕಾಚಾರ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಶಾಲೆಯ ನಾಟಕದಲ್ಲಾದರೂ ಅದು ಮುರಿಯಲಿ. ಕುಂತಿಯ ಪಾರ್ಟಿಗೆ ನಿಮ್ಮ ಹೆಸರು ಬರೆಸಿ. ಐದು ಮಕ್ಕಳನ್ನು ಕಟ್ಟಿಕೊಂಡು ದಾಯಾದಿಗಳ ಮುಂದೆ ನಿಂತವಳ ಕಷ್ಟ ಹೊರಗಿನಿಂದ ಬರುವ ಕಲಾವಿದೆಯರಿಗಿಂತ ನಿಮಗೇ ಗೊತ್ತಿರುತ್ತದೆ.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಕುರುಕ್ಷೇತ್ರ ರಾತ್ರಿಯೆಲ್ಲ ನಡೆಯುವ ಆಟ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಈ ಕಟ್ಟು ಆರ್ಕೆಸ್ಟ್ರಾಕ್ಕೂ ಅಷ್ಟೇ ಇದೆ ಎನ್ನುವುದು ನನಗೊಂದು ಸಮಾಧಾನ. ನಗರದ ಕಲಾಮಂದಿರಗಳಲ್ಲಿ ಈಗ ಬೆಳಿಗ್ಗೆಯೇ ಪೌರಾಣಿಕ ನಾಟಕ ಶುರುಮಾಡಿ ಸಂಜೆಗೆ ಮಂಗಳ ಹಾಡುತ್ತಾರೆ. ನೀವೂ ಭಾನುವಾರ ಹಗಲು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ. ಮಕ್ಕಳು ನಿದ್ದೆಗೆಡದೆ ದುರ್ಯೋಧನನ ತೊಡೆ ಮುರಿಯುವ ತನಕ ನೋಡುತ್ತಾರೆ. ಕುಡಿದು ಬಂದು ಮುಂದಿನ ಸಾಲಿನಲ್ಲಿ ಕುಣಿಯುವವರ ಕಾಟವೂ ಹಗಲಿನಲ್ಲಿ ಕಡಿಮೆ.

ಸಮಯ ಉಳಿಸಬೇಕೆಂದರೆ ಪದ್ಯ ಕತ್ತರಿಸಬೇಡಿ, ಭಾಷಣ ಕತ್ತರಿಸಿ. ನಮ್ಮ ಶಾಲಾ ಕಾರ್ಯಕ್ರಮಗಳನ್ನು ಹಾಳುಮಾಡಿದ್ದು ಸಿನಿಮಾ ಹಾಡೂ ಅಲ್ಲ, ಡ್ಯಾನ್ಸೂ ಅಲ್ಲ, ವೇದಿಕೆ ಕಾರ್ಯಕ್ರಮ ಎಂಬ ಪಿಡುಗು. ಹದಿನೆಂಟು ಜನ ಕುರ್ಚಿಯಲ್ಲಿ, ಹದಿನೆಂಟು ಶಾಲು, ಹದಿನೆಂಟು ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿ ಬರುವ ತನಕ ರಾಧೆ-ಕೃಷ್ಣರ ವೇಷದ ಒಂದನೇ ಕ್ಲಾಸಿನ ಮಕ್ಕಳು ಬಣ್ಣ ಬೆವರಿ ಇಳಿಯುತ್ತಿದ್ದರೂ ಕಾಯಬೇಕು. ಅವರ ನೃತ್ಯ ಬಂದಾಗ ಅಪ್ಪಂದಿರು ಎದ್ದು ನಿಂತು ಮೊಬೈಲಿನಲ್ಲಿ ಹಿಡಿಯುತ್ತಾರೆ, ಹಿಂದಿನವರಿಗೆ ಬೆನ್ನು ಮಾತ್ರ. ಫ್ಲೆಕ್ಸಿನಲ್ಲಿ ದಾನಿಗಳ ಮುಖ ಹೆಬ್ಬಾಗಿಲಷ್ಟು, ಶಾಲೆಯ ಹೆಸರು ಕಡಲೆಯಷ್ಟು. ಬೆಂಗಳೂರಿನ ದೊಡ್ಡ ಫೀಸಿನ ಶಾಲೆಗಳ ಪೋಷಕರೇನೂ ಕಡಿಮೆಯಿಲ್ಲ. ಅಲ್ಲಿ ತಂಬೋಲಾ, ಡಿಜೆ, ಫುಡ್ ಸ್ಟಾಲ್, ಎಲ್ಲಕ್ಕೂ ಒಬ್ಬ ಈವೆಂಟ್ ಮ್ಯಾನೇಜರ್. ಮಕ್ಕಳ ಎದುರು ಒಂದು ಹಾಡು ಹೇಳಿ ಎಂದರೆ ಅಪ್ಪ ನಾಚುತ್ತಾನೆ, ಕಾರ್ಡ್ ಉಜ್ಜು ಎಂದರೆ ಉಜ್ಜುತ್ತಾನೆ.

ಇನ್ನು ಶೌಚಾಲಯಕ್ಕೆ ಬಾಗಿಲು ಹಾಕಿಸಲು ಊರಿನ ಭೀಮ ಗದೆ ಎತ್ತಬೇಕೇ ಎಂಬ ಪ್ರಶ್ನೆ. ಬೇಕಿಲ್ಲ. ಶಾಲೆಗೆ ಕಟ್ಟಡ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಶೌಚಾಲಯ ಕೊಡುವುದು ಸರ್ಕಾರದ ಹೊಣೆ, ಅದೇ ಕಾಯ್ದೆಯಲ್ಲೇ ಬರೆದಿದೆ. ಆದ್ದರಿಂದ ನಾಟಕದ ತಯಾರಿಯ ಜೊತೆಗೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಟಕದ ಮುಂದಿನ ಸಾಲಿಗೆ ಅವರನ್ನು ಕರೆಯಿರಿ. ಸನ್ಮಾನ ಬೇಡ, ಹೆಂಚಿಲ್ಲದ ಕೊಠಡಿಯ ಕಡೆ ಮುಖ ಮಾಡಿ ಕುರ್ಚಿ ಹಾಕಿದರೆ ಸಾಕು. ಜಮಾ-ಖರ್ಚನ್ನು ಮಾರನೆಯ ದಿನವೇ ಕರಿಹಲಗೆಯ ಮೇಲೆ ಬರೆದುಬಿಡಿ, ಮಕ್ಕಳೇ ಕೂಡಿ ಕಳೆಯಲಿ.

ನಿಮ್ಮ ಹುಡುಗರನ್ನು ಸಿಟ್ಟಿಗೆಬ್ಬಿಸಬೇಡಿ. ಆರ್ಕೆಸ್ಟ್ರಾ ಬೇಕೆಂದವರಲ್ಲಿ ಒಬ್ಬನಿಗಾದರೂ ಒಳ್ಳೆಯ ಕಂಠ ಇದ್ದೇ ಇರುತ್ತದೆ. ಅವನನ್ನು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರಿಸಿ ಕೃಷ್ಣನ ಒಂದು ಪದ್ಯ ಹೇಳಿಸಿ, ಆಮೇಲೆ ಅವನೇ ಚಂದಾ ಎತ್ತುತ್ತಾನೆ. ಮೇಷ್ಟ್ರು ಗೊತ್ತಾದ ಮೇಲೆ, ಪಾರ್ಟು ಹಂಚಿದ ಮೇಲೆ ಒಂದು ಕಾರ್ಡು ಹಾಕಿ. ನಿಮ್ಮ ಕಡೆ ಶಕುನಿಗೆ ಈಗ ಎಷ್ಟು ಕಟ್ಟಿಸಿಕೊಳ್ಳುತ್ತಾರೆ ಎನ್ನುವುದನ್ನೂ ತಿಳಿಸಿ. ಹುಣಸೆ ಬೀಜ ನಾನೇ ತರುತ್ತೇನೆ.