ಮನೆಯ ಕೈತೋಟಕ್ಕೆ ಚಿಟ್ಟೆಗಳನ್ನು ಸೆಳೆಯಲು ಯಾವ ಬಳ್ಳಿಯನ್ನು ಬೆಳೆಸಬೇಕು?

ಹೂವಿನ ಮಕರಂದಕ್ಕೆ ಚಿಟ್ಟೆಗಳು ಬಂದು ಹೋಗುತ್ತವೆಯೇ ಹೊರತು, ಅವು ತೋಟದಲ್ಲಿಯೇ ಮೊಟ್ಟೆಯಿಟ್ಟು ಸಂತತಿ ಬೆಳೆಸಬೇಕಾದರೆ ಮರಿಹುಳುಗಳು ತಿನ್ನುವ ಸಸ್ಯವೇ ಅಲ್ಲಿರಬೇಕು. ಬಳ್ಳಿಗಳಲ್ಲಿ ನನ್ನ ಮೊದಲ ಆಯ್ಕೆ ಈಶ್ವರಿ ಬಳ್ಳಿ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಅಲ್ಲದೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳೂ ಇದರ ಮೇಲೆ ಮೊಟ್ಟೆಯಿಡುತ್ತವೆ. ಬರ್ಡ್‌ವಿಂಗ್ ಹೆಚ್ಚಾಗಿ ಪಶ್ಚಿಮ ಘಟ್ಟದ ಆಸುಪಾಸಿನದು; ಬಯಲುಸೀಮೆಯವರು ರೋಸ್ ಚಿಟ್ಟೆಗಳನ್ನು ನಿರೀಕ್ಷಿಸಬಹುದು. ಎಲೆಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಹುಳುಗಳು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅವುಗಳನ್ನು ತಿನ್ನಲು ಹಿಂಜರಿಯುತ್ತವೆ. ಅದೇ ಆಮ್ಲ ಮನುಷ್ಯರ ಮೂತ್ರಪಿಂಡಕ್ಕೆ ಹಾನಿಕರವಾದ್ದರಿಂದ ಇದನ್ನು ಮನೆಮದ್ದಾಗಿ ಬಳಸಬಾರದು. ಬಳ್ಳಿಯನ್ನು ಬೇಲಿಗೋ ಚಪ್ಪರಕ್ಕೋ ಹಬ್ಬಿಸಿ, ಯಾವುದೇ ಕೀಟನಾಶಕ, ಬೇವಿನೆಣ್ಣೆಯನ್ನೂ ಸೇರಿಸಿ, ಸಿಂಪಡಿಸಬೇಡಿ. ಹುಳುಗಳು ಎಲೆಯನ್ನೆಲ್ಲ ತಿಂದು ಬೋಳಾಗಿಸಿದರೂ ಬೇರೂರಿದ ಬಳ್ಳಿ ಮತ್ತೆ ಚಿಗುರುತ್ತದೆ. ಆದರೂ ಎರಡು ಮೂರು ಬಳ್ಳಿಗಳನ್ನು ನೆಡುವುದು ಒಳ್ಳೆಯದು.