ಓದುಗರ ಪ್ರಶ್ನೆ: ಪುಟ್ಟ ಐಕಾನ್ ಬಿಡಿಸುವ ಬಗೆ

ಸ್ವಂತ ಐಕಾನ್ ಮಾಡಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಬಳಸುತ್ತಿರುವುದು ವಿಂಡೋಸ್‌ನ ‘ಪೇಂಟ್ ಡಾಟ್ ನೆಟ್’. ಕಲಿಯಲು ಸುಲಭ, ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ) ಸೌಲಭ್ಯವಿದೆ, ಅದರ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಹಾಗಾಗಿ ಉತ್ತರಗಳನ್ನೂ ಅದಕ್ಕೇ ಹೊಂದಿಸಿ ಬರೆದಿದ್ದೇವೆ.

ಪಾಠದ ಫೋಲ್ಡರ್‌ಗಳಿಗೆ ಪುಸ್ತಕದ ಐಕಾನ್ ಬಿಡಿಸಿದೆ. ಚಿತ್ರದ ಸುತ್ತ ಬಿಳಿ ಚೌಕ ಬರುತ್ತಿದೆ. ಮ್ಯಾಜಿಕ್ ವಾಂಡ್‌ನಿಂದ ಬಿಳಿಯನ್ನು ಅಳಿಸಿದರೂ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಏನು ಮಾಡಲಿ?
— ಪ್ರೌಢಶಾಲಾ ಶಿಕ್ಷಕಿ, ಶಿರಸಿ

ನೀವು ಬಿಳಿ ಹಾಳೆಯ ಮೇಲೆ ಚಿತ್ರ ಬಿಡಿಸಿದ್ದೀರಿ, ತೊಂದರೆ ಅಲ್ಲಿಂದಲೇ ಶುರು. ಗೆರೆ ನುಣುಪಾಗಿ ಕಾಣಲಿ ಎಂದು ತಂತ್ರಾಂಶವು ಅಂಚಿನ ಪಿಕ್ಸೆಲ್‌ಗಳಲ್ಲಿ ನಿಮ್ಮ ನೀಲಿಯನ್ನೂ ಹಿಂದಿನ ಬಿಳಿಯನ್ನೂ ಬೆರೆಸಿರುತ್ತದೆ. ಆ ತಿಳಿನೀಲಿ ಪಿಕ್ಸೆಲ್‌ಗಳು ಪೂರ್ತಿ ಬಿಳಿಯಲ್ಲದ್ದರಿಂದ ಒಂದೇ ಬಣ್ಣದ ಜಾಗವನ್ನು ಆಯುವ ವಾಂಡ್ ಅವನ್ನು ಹಿಡಿಯುವುದಿಲ್ಲ. ಟಾಲರೆನ್ಸ್ (ಎಷ್ಟು ಹತ್ತಿರದ ಬಣ್ಣಗಳನ್ನೂ ಹಿಡಿಯಬೇಕೆಂಬ ಮಿತಿ) ಏರಿಸಿದರೆ ಬಿಳಿ ಗೆರೆಯ ಜೊತೆಗೆ ಪುಸ್ತಕದ ಅಂಚನ್ನೂ ಕಚ್ಚಿ ತೆಗೆಯುತ್ತದೆ. ಅಳಿಸುತ್ತ ಕೂರುವುದಕ್ಕಿಂತ ಮತ್ತೆ ಬಿಡಿಸುವುದೇ ಬೇಗ ಆಗುವ ಕೆಲಸ.

ಹೊಸ ಚಿತ್ರ ತೆರೆದ ಕೂಡಲೇ ಕಂಟ್ರೋಲ್+ಎ ಒತ್ತಿ ಎಲ್ಲವನ್ನೂ ಆಯ್ದು, ಡಿಲೀಟ್ ಒತ್ತಿ. ಬೂದು-ಬಿಳಿ ಚೌಕುಳಿ ಕಂಡರೆ ಹಿನ್ನೆಲೆ ಪಾರದರ್ಶಕವಾಯಿತು ಎಂದರ್ಥ. ಹಳೆಯ ಚಿತ್ರವನ್ನು ನೋಡಿಕೊಂಡೇ ಬಿಡಿಸಬೇಕೆಂದರೆ ಅದನ್ನು ಕೆಳಗಿನ ಲೇಯರ್‌ನಲ್ಲಿ ಇಟ್ಟು, ಮೇಲೊಂದು ಹೊಸ ಲೇಯರ್ ಸೇರಿಸಿ ಅದರ ಮೇಲೆ ಬಿಡಿಸಿ. ಮುಗಿದ ಮೇಲೆ ಕೆಳಗಿನದನ್ನು ಅಳಿಸಿಬಿಡಿ. ಉಳಿಸುವಾಗ ಪಿಎನ್‌ಜಿ ಆರಿಸಿ, ಬಿಟ್ ಡೆಪ್ತ್ (ಒಂದು ಪಿಕ್ಸೆಲ್‌ನ ಬಣ್ಣಕ್ಕೆ ಮೀಸಲಿಡುವ ಮಾಹಿತಿಯ ಅಳತೆ) 32 ಇರಲಿ. 8 ಬಿಟ್‌ಗೆ ಇಳಿಸಿದರೆ ಅರೆಪಾರದರ್ಶಕ ಅಂಚು ಹೋಗಿ ಗರಗಸದ ಹಲ್ಲಿನಂತೆ ಕಾಣುತ್ತದೆ. ಜೆಪಿಜಿಯಲ್ಲಂತೂ ಪಾರದರ್ಶಕತೆಯೇ ಇಲ್ಲ. ಜೊತೆಗೆ ಪೇಂಟ್ ಡಾಟ್ ನೆಟ್‌ನದೇ ಆದ ಪಿಡಿಎನ್ ರೂಪದಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಪಿಎನ್‌ಜಿಯಲ್ಲಿ ಲೇಯರ್‌ಗಳೆಲ್ಲ ಒಂದಾಗಿಬಿಡುತ್ತವೆ, ಆಮೇಲೆ ತಿದ್ದಲು ದಾರಿಯಿಲ್ಲ.

512×512 ಅಳತೆಯಲ್ಲಿ ಐಕಾನ್ ತುಂಬ ಚೆನ್ನಾಗಿ ಬಂದಿತ್ತು. 16×16ಕ್ಕೆ ಕುಗ್ಗಿಸಿದರೆ ಮಸಿ ಚೆಲ್ಲಿದಂತಾಯಿತು. ಕುಗ್ಗಿಸುವ ಸರಿಯಾದ ವಿಧಾನ ಯಾವುದು?
— ಪದವಿ ವಿದ್ಯಾರ್ಥಿ, ದಾವಣಗೆರೆ

ಯಾವ ವಿಧಾನ ಆರಿಸಿದರೂ ಅಷ್ಟೇ. 16 ಪಿಕ್ಸೆಲ್‌ನ ಐಕಾನನ್ನು 16 ಪಿಕ್ಸೆಲ್‌ನಲ್ಲೇ ಬಿಡಿಸಬೇಕು.

ಲೆಕ್ಕ ಹಾಕಿ ನೋಡಿ. 512ರಿಂದ 16ಕ್ಕೆ ಇಳಿದರೆ 32 ಪಟ್ಟು ಕುಗ್ಗಿದಂತೆ. ನಿಮ್ಮ ಚಿತ್ರದ 20 ಪಿಕ್ಸೆಲ್ ದಪ್ಪದ ಗೆರೆ ಅಲ್ಲಿ 0.6 ಪಿಕ್ಸೆಲ್ ಆಗುತ್ತದೆ. ಮುಕ್ಕಾಲು ಪಾಲೂ ಇಲ್ಲದ ಪಿಕ್ಸೆಲ್ಲನ್ನು ತೋರಿಸಲಾಗದು, ಹಾಗಾಗಿ ಆ ಗೆರೆ ಪೇಲವ ಬಣ್ಣಕ್ಕೆ ತಿರುಗುತ್ತದೆ. ದಪ್ಪ ಸರಿಯಿದ್ದರೂ ಗೆರೆ ನಿಂತ ಜಾಗ ಸರಿಯಿಲ್ಲದಿದ್ದರೆ ಅದೇ ಗತಿ. 40ನೇ ಪಿಕ್ಸೆಲ್‌ನಿಂದ ಶುರುವಾದ 32 ಪಿಕ್ಸೆಲ್ ದಪ್ಪದ ಗೆರೆ ಕುಗ್ಗಿದಾಗ 1.25ರಿಂದ 2.25ರವರೆಗೆ ಬಂದು ಎರಡು ಪಿಕ್ಸೆಲ್‌ಗಳಲ್ಲಿ ಹಂಚಿಹೋಗುತ್ತದೆ. ದೊಡ್ಡದನ್ನೇ ಕುಗ್ಗಿಸಬೇಕೆಂಬ ಅನಿವಾರ್ಯವಿದ್ದರೆ ಗೆರೆಯ ದಪ್ಪವೂ ಜಾಗವೂ 32ರ ಗುಣಕಗಳಲ್ಲೇ ಇರುವಂತೆ ಬಿಡಿಸಿ.

ನಮ್ಮ ಸಲಹೆ ಇದರ ತಿರುವುಮುರುವು: ಚಿಕ್ಕದರಿಂದ ದೊಡ್ಡದಕ್ಕೆ ಹೋಗಿ. 1984ರಲ್ಲಿ ಬಂದ ಮ್ಯಾಕಿಂಟಾಷ್‌ನ ಐಕಾನ್‌ಗಳನ್ನು ಸೂಸನ್ ಕೇರ್ ರೂಪಿಸಲು ಕೂತದ್ದು ಗ್ರಾಫ್ ಹಾಳೆಯ ಮುಂದೆ, 32×32 ಚೌಕಗಳಲ್ಲಿ. ಒಂದು ಚೌಕಕ್ಕೆ ಒಂದು ಪಿಕ್ಸೆಲ್. ಇಂದಿಗೂ ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಪುಸ್ತಕವನ್ನೇ ತೆಗೆದುಕೊಳ್ಳಿ. 16×16 ಚಿತ್ರ ತೆರೆದು ಹಿನ್ನೆಲೆ ಪಾರದರ್ಶಕ ಮಾಡಿ, ವ್ಯೂ ಮೆನುವಿನಲ್ಲಿ ಪಿಕ್ಸೆಲ್ ಗ್ರಿಡ್ ಹಾಕಿ, ಚೆನ್ನಾಗಿ ಝೂಮ್ ಮಾಡಿಕೊಳ್ಳಿ. ಬ್ರಷ್ ಬೇಡ, ಪೆನ್ಸಿಲ್ ಬೇಕು. ಅದು ಒಂದೊಂದೇ ಪಿಕ್ಸೆಲ್ಲನ್ನು ಗಟ್ಟಿಯಾಗಿ ತುಂಬುತ್ತದೆ. ಎಡಬಲಕ್ಕೆ 2, ಮೇಲೆ ಕೆಳಗೆ 1 ಪಿಕ್ಸೆಲ್ ಬಿಟ್ಟು 12 ಅಗಲ, 14 ಎತ್ತರದ ಕಡುನೀಲಿ ಆಯತ ತುಂಬಿ. ಅದರ ಎಡ ಅಂಚಿನಿಂದ ಎರಡು ಕಂಬಸಾಲು ಬಿಟ್ಟು ಮೂರನೆಯದನ್ನು ತಿಳಿನೀಲಿ ಮಾಡಿ, ಪುಸ್ತಕದ ಬೆನ್ನು ಸಿದ್ಧ. ತೀರಾ ಕೆಳಗಿನ ಸಾಲು ರಟ್ಟಿಗಿರಲಿ. ಅದರ ಮೇಲಿನ ಎರಡು ಸಾಲನ್ನು ಬೆನ್ನಿನ ಗೆರೆಯಿಂದ ಬಲ ಅಂಚಿನವರೆಗೆ ಕೆನೆಬಣ್ಣ ಮಾಡಿದರೆ ಹಾಳೆಗಳು. ಮುಗಿಯಿತು. ರಟ್ಟಿನ ಮೇಲೆ ಹೆಸರು ಬರೆಯುವ ಆಸೆ ಬೇಡ, ಇಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು ತೊಡಕು ಹೊಸಬರನ್ನು ಕಾಡುತ್ತದೆ. 16 ಸಮಸಂಖ್ಯೆ, ನಟ್ಟನಡುವೆ ಪಿಕ್ಸೆಲ್ ಇಲ್ಲ. ಗಣಿತದ ಫೋಲ್ಡರ್‌ಗೆ ಕೂಡುವ ಗುರುತು ಹಾಕಿದರೆ ಗೆರೆ 2 ಪಿಕ್ಸೆಲ್ ದಪ್ಪ ಇರಬೇಕು, ಇಲ್ಲವೇ ಚಿತ್ರವನ್ನೇ 15 ಪಿಕ್ಸೆಲ್‌ಗೆ ನಿಲ್ಲಿಸಬೇಕು. 1 ಪಿಕ್ಸೆಲ್ ಗೆರೆ ಎಳೆದರೆ ಗುರುತು ಒಂದು ಬದಿಗೆ ವಾಲುತ್ತದೆ.

ಇದು ಹಿಡಿಸಿದ ಮೇಲೆ ಕಂಟ್ರೋಲ್+ಆರ್ ಒತ್ತಿ 32×32ಕ್ಕೆ ಹಿಗ್ಗಿಸಿ. ರೀಸ್ಯಾಂಪ್ಲಿಂಗ್‌ನಲ್ಲಿ ‘ನಿಯರೆಸ್ಟ್ ನೇಬರ್’ ಆರಿಸಿದರೆ ಒಂದು ಪಿಕ್ಸೆಲ್ ನಾಲ್ಕಾಗಿ, ಒಂದಿಷ್ಟೂ ಮಸುಕಾಗದೆ ಬರುತ್ತದೆ. ಈಗ ಮೂಲೆ ದುಂಡಗೆ ಮಾಡಿ, ಹೆಸರಿನ ಜಾಗದಲ್ಲಿ 2 ಪಿಕ್ಸೆಲ್‌ನ ಒಂದು ಪಟ್ಟಿ ಎಳೆಯಿರಿ. 48ರಲ್ಲಿ ಎರಡು ಪಟ್ಟಿ ಹಿಡಿಸುತ್ತವೆ. 256ನ್ನು ಮಾತ್ರ ಬೇರೆಯಾಗಿ, ನುಣುಪು ಅಂಚಿನೊಂದಿಗೆ ಬಿಡಿಸಿ. ಎಲ್ಲದರಲ್ಲೂ ಹೊರರೇಖೆ ಒಂದೇ ಇದ್ದರೆ ಸಾಕು, ಒಳಗಿನ ವಿವರ ಒಂದೇ ಇರಬೇಕಿಲ್ಲ. ಬಿಡಿಸುತ್ತಿರುವಾಗ ಆಗಾಗ 100%ಕ್ಕೆ ಇಳಿಸಿ ನೋಡುತ್ತಿರಿ.

ನಮ್ಮ ಕನ್ನಡ ಸಂಘದ ಜಾಲತಾಣಕ್ಕೆ ಬ್ರೌಸರ್ ಟ್ಯಾಬ್‌ನಲ್ಲಿ ಕಾಣುವ ಐಕಾನ್ ಬೇಕು. ‘ಕನ್ನಡ’ ಎಂದು ಬರೆದರೆ ಓದಲು ಆಗುತ್ತಿಲ್ಲ. ಯಾವ ಫಾಂಟ್ ಬಳಸಬೇಕು?
— ಸಂಘದ ಕಾರ್ಯದರ್ಶಿ, ಪುಣೆ

ಫಾಂಟ್ ಬದಲಿಸಿದರೆ ಇದು ಬಗೆಹರಿಯುವುದಿಲ್ಲ. ಟ್ಯಾಬ್‌ನ ಐಕಾನ್ ಸಾಮಾನ್ಯ ಪರದೆಯಲ್ಲಿ 16 ಪಿಕ್ಸೆಲ್. ಅಂಚು ಬಿಟ್ಟರೆ 14 ಉಳಿಯುತ್ತದೆ. ಮೂರು ಅಕ್ಷರಕ್ಕೆ ಹಂಚಿದರೆ ಒಂದಕ್ಕೆ ಐದು ಪಿಕ್ಸೆಲ್ಲೂ ಸಿಗದು. ಅದರ ಮೇಲೆ ನಡುವಿನ ‘ನ್ನ’ದ ಒತ್ತು ಕೆಳಗಿಳಿಯುವುದರಿಂದ, ಅದಕ್ಕೆ ಜಾಗ ಬಿಡಲು ಮೂರೂ ಅಕ್ಷರ ಇನ್ನಷ್ಟು ಕುಗ್ಗಬೇಕು. ಒಂದೇ ಅಕ್ಷರ ಆರಿಸಿ. ಒತ್ತು ಬೇಡ, ಗುಡಿಸು-ಕೊಂಬು ಬೇಡ.

ಎಲ್ಲ ಅಕ್ಷರಗಳೂ ಇಷ್ಟು ಚಿಕ್ಕದರಲ್ಲಿ ಬದುಕುವುದಿಲ್ಲ. ‘ಧ’ದ ಕೆಳಗಿನ ಸಣ್ಣ ಗೀಟು ಕರಗಿ ‘ದ’ ಆಗುತ್ತದೆ, ಹೊಟ್ಟೆ ಸೀಳಿದ ‘ಷ’ ‘ಪ’ ಆಗುತ್ತದೆ. ಧಾರವಾಡದವರು ‘ಧ’ ಇಟ್ಟುಕೊಂಡರೆ ಓದುವವರಿಗೆ ‘ದ’ ಕಾಣುತ್ತದೆ. ಅದೃಷ್ಟಕ್ಕೆ ನಿಮ್ಮ ‘ಕ’ ಗಟ್ಟಿ ಅಕ್ಷರ. ತಲೆಕಟ್ಟಿಗೆ 2 ಸಾಲು, ಖಾಲಿ 2, ಅಡ್ಡಗೆರೆಗೆ 2, ಒಳಗಿನ ಖಾಲಿಗೆ 4, ಬುಡಕ್ಕೆ 2 ಎಂದರೂ 12 ಸಾಲಿನಲ್ಲಿ ನಿಲ್ಲುತ್ತದೆ. ಒಳಗಿನ ಖಾಲಿ ಜಾಗವನ್ನು ಮಾತ್ರ ಎಂದೂ ಬಿಟ್ಟುಕೊಡಬೇಡಿ. ಅದು ಮುಚ್ಚಿದರೆ ಅಕ್ಷರ ಬರೀ ಉಂಡೆ.

ಮಾದರಿಗೆ ದಪ್ಪನೆಯ ಯೂನಿಕೋಡ್ ಫಾಂಟ್ ಸಾಕು. ‘ಬಾಲೂ ತಮ್ಮ 2’ ಅಥವಾ ‘ನೋಟೊ ಸಾನ್ಸ್ ಕನ್ನಡ’ದ ಬೋಲ್ಡ್, ಎರಡೂ ಮುಕ್ತ ಪರವಾನಗಿಯವು. ಹೊಸ ಲೇಯರ್‌ನಲ್ಲಿ ಅಕ್ಷರ ಬರೆದು, ಎಫ್4 ಒತ್ತಿ ಆ ಲೇಯರ್‌ನ ಒಪ್ಯಾಸಿಟಿಯನ್ನು 255ರಿಂದ 80ರ ಆಸುಪಾಸಿಗೆ ಇಳಿಸಿ. ಮಸುಕಾದ ಆ ಅಕ್ಷರದ ಮೇಲೆ ಇನ್ನೊಂದು ಲೇಯರ್ ಹಾಕಿ ಪೆನ್ಸಿಲ್‌ನಿಂದ ಪಿಕ್ಸೆಲ್ ಪಿಕ್ಸೆಲ್ ತಿದ್ದಿ, ಮಾದರಿ ಲೇಯರ್ ಅಳಿಸಿ. ದುಂಡು ತಿರುವಿನಲ್ಲಿ ಮೆಟ್ಟಿಲು ಕಂಡರೆ ಆ ಮೂಲೆಯಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬಣ್ಣದ ಒಂದು ಪಿಕ್ಸೆಲ್ ಇಡಿ. ಎರಡು ಇಟ್ಟರೆ ಮತ್ತೆ ಮಸುಕು.

ಬಣ್ಣದ ಮಾತು: ಪಾರದರ್ಶಕ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬಿಳಿ ಟ್ಯಾಬ್‌ನಲ್ಲಿ ಚೆನ್ನ, ಡಾರ್ಕ್ ಮೋಡ್‌ನಲ್ಲಿ ಮುಳುಗುತ್ತದೆ. ಇಡೀ ಚೌಕಕ್ಕೆ ಹಳದಿ ತುಂಬಿ ಅದರ ಮೇಲೆ ಕೆಂಪು ‘ಕ’ ಬರೆದರೆ ಎರಡು ಕಡೆಯೂ ನಿಲ್ಲುತ್ತದೆ.

ಪಿಎನ್‌ಜಿಯ ಹೆಸರನ್ನು ಐಸಿಒ ಎಂದು ಬದಲಿಸಿದೆ, ವಿಂಡೋಸ್ ಒಪ್ಪುತ್ತಿಲ್ಲ.
— ಓದುಗರು, ಹಾಸನ

ಹೆಸರು ಬದಲಿಸಿದರೆ ಕಡತದ ಒಳಗಿರುವುದು ಬದಲಾಗುವುದಿಲ್ಲ. ಐಸಿಒ ಎಂದರೆ ಹಲವು ಅಳತೆಯ ಚಿತ್ರಗಳನ್ನು ಒಟ್ಟಿಗೆ ಇಟ್ಟ ಡಬ್ಬಿ. ಪೇಂಟ್ ಡಾಟ್ ನೆಟ್ ಅದನ್ನು ನೇರವಾಗಿ ಬರೆಯುವುದಿಲ್ಲ, ಪ್ಲಗಿನ್ (ಅದಕ್ಕೆ ಸೇರಿಸಿಕೊಳ್ಳುವ ಕಿರು ತಂತ್ರಾಂಶ) ಬೇಕು. ಅದರ ಗೋಜು ಬೇಡವಾದರೆ ಉಚಿತ ‘ಗಿಂಪ್’ ಬಳಸಿ: ಫೈಲ್ ಮೆನುವಿನ ‘ಓಪನ್ ಆ್ಯಸ್ ಲೇಯರ್ಸ್’ನಲ್ಲಿ ನಿಮ್ಮ 16, 24, 32, 48, 256ರ ಪಿಎನ್‌ಜಿಗಳನ್ನು ಒಟ್ಟಿಗೆ ಆಯ್ದು, ‘ಎಕ್ಸ್‌ಪೋರ್ಟ್ ಆ್ಯಸ್’ನಲ್ಲಿ ಹೆಸರಿನ ಕೊನೆಗೆ ಡಾಟ್ ಐಸಿಒ ಬರೆಯಿರಿ. ಒಂದೊಂದು ಲೇಯರ್ ಒಂದೊಂದು ಅಳತೆಯಾಗಿ ಸೇರುತ್ತದೆ. ಎಲ್ಲಕ್ಕೂ 32 ಬಿಟ್ ಇರಲಿ, 256ಕ್ಕೆ ಮಾತ್ರ ಪಿಎನ್‌ಜಿ ಕಂಪ್ರೆಶನ್ ಗುರುತು ಹಾಕಿ. 24ನ್ನು ಬಿಡಬೇಡಿ. ಪರದೆಯ ಸ್ಕೇಲಿಂಗ್ 150% ಇರುವ ಲ್ಯಾಪ್‌ಟಾಪ್‌ಗಳಲ್ಲಿ ಚಿಕ್ಕ ಐಕಾನ್ ಬೇಡುವುದು ಅದನ್ನೇ.

ಫೋಲ್ಡರ್‌ಗೆ ಹಾಕಲು ಪ್ರಾಪರ್ಟೀಸ್, ಕಸ್ಟಮೈಸ್, ಚೇಂಜ್ ಐಕಾನ್. ಹಳೆಯ ಚಿತ್ರವೇ ಕಾಣುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಅನ್ನು ರೀಸ್ಟಾರ್ಟ್ ಮಾಡಿ. ಐಸಿಒ ಕಡತವನ್ನು ಮೊದಲೇ ಒಂದು ಖಾಯಂ ಜಾಗದಲ್ಲಿ ಇಡಿ, ಆಮೇಲೆ ಅದನ್ನು ಸರಿಸಿದರೆ ಫೋಲ್ಡರ್‌ನ ಐಕಾನ್ ಮಾಯವಾಗುತ್ತದೆ.

ಅದೇ ಐಕಾನ್ ಮೊಬೈಲ್‌ಗೂ ನಡೆಯುತ್ತದೆಯೇ?
— ಓದುಗರು, ಮೈಸೂರು

ಹಾಗೆಯೇ ನಡೆಯುವುದಿಲ್ಲ. ಜಾಲತಾಣವನ್ನು ಐಫೋನ್‌ನ ಹೋಮ್ ಸ್ಕ್ರೀನ್‌ಗೆ ಸೇರಿಸಿದಾಗ ಕಾಣಲು 180×180ರ ಪಿಎನ್‌ಜಿ ಬೇಕು. ಅದರಲ್ಲಿ ಪಾರದರ್ಶಕ ಭಾಗವಿದ್ದರೆ ಕಪ್ಪಾಗುತ್ತದೆ, ಹಿನ್ನೆಲೆ ತುಂಬಿಯೇ ಕೊಡಿ. ಆಂಡ್ರಾಯ್ಡ್ 8ರಿಂದ ಈಚೆಗೆ ಆ್ಯಪ್ ಐಕಾನ್‌ನ ಅಂಚನ್ನು ಫೋನೇ ಕತ್ತರಿಸುತ್ತದೆ, ಕೆಲವು ಫೋನ್‌ಗಳಲ್ಲಿ ದುಂಡಗೆ, ಕೆಲವದರಲ್ಲಿ ಚೌಕ. 108 ಅಳತೆಯ ಹಾಳೆಯಲ್ಲಿ ನಡುವಿನ 66ರ ವೃತ್ತವಷ್ಟೇ ಎಲ್ಲೆಡೆ ಉಳಿಯುವ ಜಾಗ. ಅಕ್ಷರ, ಪುಸ್ತಕ, ಏನೇ ಇದ್ದರೂ ಅದರೊಳಗೆ ಇರಲಿ.